ಬಲಗಡೆಯ ಕಿಟಕಿ

"ಮೆಲ್ಲ ಹಿಡಿ ಮಾರಾಯ, ಸಂತೆಯ ಕಲ್ಲಂಗಡಿ ಅಲ್ಲ ಇದು."

ಬಾಣಂತಿ ಕೋಣೆಯ ಮುಚ್ಚಿದ ಬಾಗಿಲಿಗೆ ಕಿವಿಯಿಟ್ಟು ನಿಂತಿದ್ದ ಶಹರ್ಬಾನುವಿಗೆ ಚಾವಡಿಯ ಮಾತೆಲ್ಲ ಕೇಳುತ್ತಿತ್ತು. ಮಗುವಿಗೆ ಅಂದು ನಲವತ್ತು ದಿನ. ತಲೆ ಬೋಳಿಸಲು ಕ್ಷೌರಿಕ ಅಬ್ದುಲ್ ಸಮದ್ ತೋಡಾರಿನ ಈ ಮನೆಗೆ ಬಂದಿದ್ದ. ಮಗುವನ್ನು ತೊಡೆಯ ಮೇಲೆ ಹಿಡಿದು ಕೂತವನು ಅವಳ ಗಂಡ ಶರೀಫ್; ಸಮದ್ ಗದರಿದ್ದು ಅವನನ್ನೇ.

ಕತ್ತಿ ತಲೆಯ ಮೇಲೆ ಸರಸರ ಹರಿದು ಒಂದು ಕಡೆ ನಿಂತಿತು.

"ನೋಡಿ ಬೀಫಾತಿಮಾ, ಇದೂ ಹಾಗೇ," ಎಂದ ಸಮದ್. "ಹಿಂದೆ, ಬಲಕ್ಕೆ ಚಪ್ಪಟೆ. ಶರೀಫನದ್ದು ಹೀಗೇ, ಅವನ ಬಾಪನದ್ದೂ ಹೀಗೇ. ಕಣ್ಣು ಕಟ್ಟಿ ಬಿಟ್ಟರೂ ಈ ಮನೆಯ ತಲೆ ನನ್ನ ಕೈಗೆ ಗೊತ್ತಾಗ್ತದೆ."

"ಅದು ನಮ್ಮ ಮನೆತನದ ತಲೆ," ಎಂದಳು ಅತ್ತೆ, ಹೆಮ್ಮೆಯಿಂದ.

"ನಿಮ್ಮ ದೊಡ್ಡ ಮಗ ಹಕೀಮನದ್ದು ಮಾತ್ರ ಉರುಟು ಉಂಟು, ತೆಂಗಿನಕಾಯಿಯ ಹಾಗೆ."

"ಅವ ಚೊಚ್ಚಲಿನವ, ಹುಟ್ಟಿದ್ದು ಕನ್ಯಾನದಲ್ಲಿ, ನನ್ನ ತಾಯಿ ಮನೆಯಲ್ಲಿ. ಆರು ತಿಂಗಳು ಅಲ್ಲೇ ಇದ್ದ. ನನ್ನ ತವರಿನ ತಲೆ ಬಂದಿರಬೇಕು."

ಸಮದ್ ನಕ್ಕ. "ಏನೇ ಇರಲಿ, ಎಲುಬು ಇನ್ನೂ ಮೆತ್ತಗೆ. ಈಗ ಆ ಕಡೆ ಈ ಕಡೆ ತಿರುಗಿಸಿ ಮಲಗಿಸಿದರೆ ಸರಿಯಾದೀತು. ತಡ ಮಾಡಿದರೆ ಅದೇ ಗಟ್ಟಿ. ಆಮೇಲೆ ಇವನ ಟೊಪ್ಪಿಯೂ ಬಾಪನ ಟೊಪ್ಪಿಯ ಹಾಗೆ ಬಲಕ್ಕೇ ಜಾರುವುದು."

ಶಹರ್ಬಾನು ತಿರುಗಿ ಕೋಣೆಯನ್ನು ನೋಡಿದಳು. ನಲವತ್ತು ದಿನ ನೋಡಿದ ಕೋಣೆ. ಹಾಸಿದ ಚಾಪೆ, ಪಶ್ಚಿಮಕ್ಕೆ ಮಗುವಿನ ಪುಟ್ಟ ದಿಂಬು, ಬಲಗಡೆಯ ಗೋಡೆಯಲ್ಲಿ ಒಂದೇ ಒಂದು ಕಿಟಕಿ. ಮರದ ಸರಳುಗಳ ಆಚೆ ಮೂಡುಬಿದಿರೆಯ ರಸ್ತೆಯ ಒಂದು ತುಂಡು. ತಾಯಿಯಿಲ್ಲದವಳಾದ್ದರಿಂದ ಅವಳ ಹೆರಿಗೆ ಇಲ್ಲೇ ಆಗಿತ್ತು. ಗಂಡನೂ ಮಾವನೂ ಹುಟ್ಟಿದ್ದು ಇದೇ ಚಾಪೆಯ ಜಾಗದಲ್ಲಿ. ಅವರೂ ಈ ಮಗುವಿನ ಹಾಗೆ ಬಲಕ್ಕೆ, ಕಿಟಕಿಯ ಬೆಳಕಿಗೇ ಮುಖ ಮಾಡಿ ಮಲಗಿದ್ದಿರಬೇಕು.

ಅತ್ತೆ ಮಗುವನ್ನು ಒಳಗೆ ತಂದಾಗ ಅವಳು ಕೇಳಿದಳು, "ಮಾಮಿ, ತಲೆ ಪೂರ್ವಕ್ಕೆ ಹಾಕಿ ಮಲಗಿಸುವನಾ? ಆಗ ಬೆಳಕು ಎಡಕ್ಕೆ ಬರ್ತದೆ."

"ಕಾಲು ಕಿಬ್ಲದ ಕಡೆ ಚಾಚ್ಲಿಕ್ಕಾ? ನಮಾಜು ಮಾಡುವ ದಿಕ್ಕಿಗೆ? ನಿನಗೆ ಬುದ್ಧಿ ಉಂಟಾ?"

"ಹಾಗಾದರೆ ಹಗಲು ಚಾವಡಿಯಲ್ಲಿ ಮಲಗಿಸ್ತೇನೆ. ನಲವತ್ತು ಮುಗೀತಲ್ಲ."

"ನಲವತ್ತು ಊರವರಿಗೆ. ಈ ಮನೆಯಲ್ಲಿ ತೊಂಬತ್ತು. ಚಾವಡಿ ಗಂಡಸರು ಬಂದು ಹೋಗುವ ಜಾಗ."

"ಮಡಿಲಲ್ಲಾದರೂ..."

"ಮಡಿಲಿನ ರುಚಿ ಹತ್ತಿದರೆ ಮತ್ತೆ ಚಾಪೆಗೆ ಇಳೀಲಿಕ್ಕಿಲ್ಲ ಮೋಳೇ. ನಾನು ನಾಲ್ಕು ಹೆತ್ತಿದ್ದೇನೆ. ಚಪ್ಪಟೆ ತಲೆಯಿಂದ ನಿನ್ನ ಗಂಡನಿಗೆ ಏನಾಗಿದೆ? ಅಂಗಡಿ ನಡೆಸ್ತಾನೆ, ನಿನ್ನನ್ನು ಸಾಕ್ತಾನೆ."

ಬಾಗಿಲು ಮುಚ್ಚಿತು.

ಅವಳು ಮಗುವಿನ ಬೋಳುತಲೆಯ ಕೆಳಗೆ ಅಂಗೈ ಇಟ್ಟಳು. ಒಂದು ಕಡೆ ಅಂಗೈಗೆ ತುಂಬಿ ಬಂತು, ಇನ್ನೊಂದು ಕಡೆ ಕೈಯಲ್ಲಿ ಜಾಗ ಉಳಿಯಿತು. ಮುಖವನ್ನು ಎಡಕ್ಕೆ ತಿರುಗಿಸಿದಳು. ಕೈ ತೆಗೆದ ಕೂಡಲೇ ಅದು ಹೊರಳಿ ಕಿಟಕಿಗೆ ಹೋಯಿತು. ಮತ್ತೆ ತಿರುಗಿಸಿದಳು, ಮತ್ತೆ ಹೊರಳಿತು. ಹೆಸರು ಹಿಡಿದು ಕರೆದಳು, ಚಪ್ಪಾಳೆ ತಟ್ಟಿದಳು. ಮಗು ಬೆಳಕನ್ನು ಬಿಡಲಿಲ್ಲ.

ಹೊರಗೆ ಬಸ್ಸೊಂದು ನಿಂತಿತು. ಛತ್ರಿ ಹಿಡಿದ ಹೆಂಗಸೊಬ್ಬಳು ಇಳಿದು, ಸೆರಗು ಸರಿಮಾಡಿಕೊಂಡು, ಯಾರನ್ನೋ ಬೈಯುತ್ತಾ ನಡೆದುಹೋದಳು. ಶಹರ್ಬಾನು ಅವಳು ಕಾಣುವಷ್ಟು ಹೊತ್ತೂ ನೋಡಿದಳು. ಆಮೇಲೆ ಎದ್ದು, ತನ್ನ ಹೊದಿಕೆಯನ್ನು ನಾಲ್ಕು ಮಡಿಕೆ ಮಾಡಿ ಸರಳುಗಳ ನಡುವೆ ತುರುಕಿದಳು. ಸಂದಿಗೆ ಹಳೆಯ ಬಟ್ಟೆ ಒತ್ತಿದಳು. ಕೋಣೆ ಕಪ್ಪಾಯಿತು. ಎಡಗೋಡೆಯ ಗೂಡಿನಲ್ಲಿದ್ದ ಚಿಮಿಣಿ ದೀಪ ಹಚ್ಚಿದಳು.

ಗಂಜಿ ತಂದ ಅತ್ತೆ ಹೊಸ್ತಿಲಲ್ಲೇ ನಿಂತಳು. "ಮಟಮಟ ಮಧ್ಯಾಹ್ನ ದೀಪ! ಹುಚ್ಚು ಹಿಡೀತಾ?"

"ಕಾಲು ಎಲ್ಲಿಗೂ ಚಾಚಿಲ್ಲ ಮಾಮಿ. ಚಾವಡಿಗೂ ಬಂದಿಲ್ಲ."

ಅತ್ತೆ ಬಟ್ಟೆ ತುರುಕಿದ ಕಿಟಕಿಯನ್ನು ನೋಡಿದಳು. "ಇನ್ನು ಐವತ್ತು ದಿನ ಹೀಗೇ ಕೂರ್ತೀಯಾ?"

"ಕೂರ್ತೇನೆ."

ಗಂಜಿಯ ಬಟ್ಟಲು ಕೆಳಗಿಟ್ಟು ಅತ್ತೆ ಹೋದಳು. ಚಿಮಿಣಿ ಎಣ್ಣೆಯ ವಾಸನೆ ತುಂಬಿತ್ತು, ಸೆಕೆಗೆ ಕುತ್ತಿಗೆ ಒದ್ದೆಯಾಗಿತ್ತು. ಮಗು ಕಪ್ಪಾದ ಗೋಡೆಯನ್ನೇ ಬಹಳ ಹೊತ್ತು ಹುಡುಕಿತು. ಸಿಡುಕಿ ಅತ್ತಿತು. ಗಂಜಿ ಆರಿ ಕೆನೆ ಕಟ್ಟಿತು. ಕೊನೆಗೆ ಗಲ್ಲ ಒಂದಿಷ್ಟು ಮೇಲೆದ್ದಿತು, ಕುತ್ತಿಗೆಯ ಮಡಿಕೆ ಬಿಡಿಸಿಕೊಂಡಿತು, ತಲೆ ಮೆಲ್ಲನೆ ನಡುವಿಗೆ ಬಂತು, ಅಲ್ಲಿ ತುಸು ನಿಂತು ದೀಪದ ಕಡೆಗೆ ವಾಲಿತು. ಎರಡೂ ಕಣ್ಣುಗಳಲ್ಲಿ ಒಂದೊಂದು ಪುಟ್ಟ ಕುಡಿ ಉರಿಯತೊಡಗಿತು.

ರಸ್ತೆಯಲ್ಲಿ ಇನ್ನೊಂದು ಬಸ್ಸು ಬಂದ ಸದ್ದು. ಶಹರ್ಬಾನು ದೀಪಕ್ಕೆ ಬೆನ್ನು ಹಾಕಿ, ಬಟ್ಟೆ ತುರುಕಿದ ಸರಳುಗಳ ಕಡೆಗೇ ಮುಖ ಮಾಡಿ ಕೂತಿದ್ದಳು.