ಉಂಡ ಗ್ಯಾಸು, ನಡೆದ ಗ್ಯಾಸು

ನಮ್ಮೂರಿನಲ್ಲಿ ಯಾರಿಗೂ ಎದೆನೋವಿಲ್ಲ. ಇದು ನನ್ನ ಮಾತಲ್ಲ, ಸರ್ಕಾರದ ಫಾರಂ ಹೇಳಿದ ಮಾತು. ಎರಡು ದಿನ ಗುಲಾಬಿ ಸೀರೆ ಉಟ್ಟು, ಮೊಬೈಲ್ ಹಿಡಿದು ಐವತ್ತಮೂರು ಮನೆ ಹತ್ತಿಳಿದೆ. ಹನ್ನೊಂದನೇ ಪ್ರಶ್ನೆಗೆ ಐವತ್ತಮೂರು ಮನೆಯಿಂದಲೂ ಒಂದೇ ಉತ್ತರ: ಇಲ್ಲ.

ನಾನು ಪುಷ್ಪಾ, ಬೆಟ್ಟದಪುರದ ಹತ್ತಿರದ ತೊರೆಕೊಪ್ಪಲಿನ ಆಶಾ ಕಾರ್ಯಕರ್ತೆ. ಹದಿನಾಲ್ಕು ವರ್ಷದಿಂದ ಈ ಊರಿನ ಬಸುರಿ, ಬಾಣಂತಿ, ಬಿಪಿ, ಶುಗರ್ ಎಲ್ಲವೂ ನನ್ನ ತಲೆಯ ಮೇಲೇ ಇವೆ. ಯಾರ ಮನೆಯಲ್ಲಿ ಯಾರು ಮಾತ್ರೆ ನುಂಗುತ್ತಾರೆ, ಯಾರು ನುಂಗಿದ ಹಾಗೆ ಮಾಡಿ ಹಿತ್ತಲಿಗೆ ಎಸೆಯುತ್ತಾರೆ ಎಂಬುದು ನನಗೆ ಗೊತ್ತು. ಇಂಥ ನನಗೇ ಐವತ್ತಮೂರು 'ಇಲ್ಲ'ಗಳನ್ನು ಒಪ್ಪಿಸಿದರೆ ಮೈ ಉರಿಯದೆ ಇರುತ್ತದೆಯೆ?

ಸರ್ವೆ ಸಣ್ಣದೇನಲ್ಲ. ಗಟ್ಟಿಮುಟ್ಟಾಗಿದ್ದ ಹರೆಯದವರು ಕುಸಿದು ಬಿದ್ದು ಸತ್ತ ಸುದ್ದಿ ದಿನಾ ಟಿವಿಯಲ್ಲಿ ಬರುತ್ತಿತ್ತು. ಕೋವಿಡ್ ಬಂದಿದ್ದರಿಂದ ಹೀಗಾಯಿತು ಎಂದು ಕೆಲವರು, ಅದರ ಲಸಿಕೆಯ ಸೂಜಿ ಹಾಕಿಸಿಕೊಂಡಿದ್ದರಿಂದ ಎಂದು ಕೆಲವರು. ಸೂಜಿ ಹಾಕಿಸಿದ್ದು ನಾನೇ ಆದ್ದರಿಂದ ಬೈಗುಳವೆಲ್ಲ ನನ್ನ ಬಾಗಿಲಿಗೇ ಬರುತ್ತಿತ್ತು. ಸರ್ಕಾರ ಡಾಕ್ಟರುಗಳ ತಂಡ ಮಾಡಿ, ಚೀಟಿ ಎತ್ತಿ ಕೆಲವು ಊರುಗಳನ್ನು ಆರಿಸಿತು. ಯಾರಿಗೆ ಕೋವಿಡ್ ಬಂದಿತ್ತು, ಯಾರಿಗೆ ಈಗ ಹೃದಯದ ತೊಂದರೆ ಇದೆ ಎಂದು ಮನೆಮನೆಗೆ ಹೋಗಿ ಕೇಳಿ ಬರೆಯಬೇಕು. ಹಾಗೆ ನಮ್ಮೂರಿನ ಚೀಟಿಯೂ ಎದ್ದಿತ್ತು.

ಹನ್ನೊಂದನೇ ಪ್ರಶ್ನೆ ಹೀಗಿತ್ತು: 'ಶ್ರಮದಾಯಕ ಚಟುವಟಿಕೆಯ ಸಂದರ್ಭದಲ್ಲಿ ತಮಗೆ ಎದೆನೋವು ಅಥವಾ ಎದೆಯಲ್ಲಿ ಅಹಿತಕರ ಅನುಭವ ಉಂಟಾಗುತ್ತದೆಯೇ?' ಇದನ್ನು ಬರೆದ ಪುಣ್ಯಾತ್ಮ ಯಾರೋ, ನಮ್ಮೂರಿನ ಜಗಲಿಯ ಮೇಲೆ ಒಂದು ದಿನವೂ ಕೂತವನಲ್ಲ. ನಮ್ಮಲ್ಲಿ 'ಅವನಿಗೆ ಎದೆನೋವು ಬಂತು' ಎಂದರೆ 'ಅವನು ಸತ್ತ' ಎಂದೇ ಅರ್ಥ. ಬದುಕಿರುವ ಮನುಷ್ಯ ಹೊಸ್ತಿಲ ಮೇಲೆ ನಿಂತು ಆ ಮಾತನ್ನು ಬಾಯಿಂದ ಹೊರಡಿಸುತ್ತಾನೆಯೆ?

ಎರಡನೇ ದಿನ ಬಿಸಿಲಲ್ಲಿ ಸಾಕಾಗಿ ಚನ್ನಬಸವಣ್ಣನ ಪೆಟ್ಟಿಗೆ ಅಂಗಡಿಯ ಮುಂದೆ ಕೂತೆ. ಅಂಗಡಿ ಇರುವುದು ದಿಣ್ಣೆಯ ನೆತ್ತಿಯಲ್ಲಿ. ಕೆಳಗೆ ಹೊಗೆಸೊಪ್ಪು ಬೇಯಿಸುವ ಬ್ಯಾರನ್‌ಗಳು, ಮೇಲೆ ಊರು. ಕೆಲಸ ಮುಗಿಸಿ ಮನೆಗೆ ಹೋಗುವವರೆಲ್ಲ ಆ ದಿಣ್ಣೆ ಹತ್ತಿಯೇ ಹೋಗಬೇಕು.

"ಯಾಪಾರ ಎಂಗಣ್ಣ?" ಎಂದೆ.

"ಸೋಡಾ ಒಂದು ಬುಟ್ರೆ ಇನ್ನೇನೂ ಓಗಾಕಿಲ್ಲ ಕಣಕ್ಕ," ಎಂದ ಚನ್ನಬಸವಣ್ಣ. "ಮುಂಚೆ ಬಾಡೂಟ ಮಾಡ್ದೋರು ಬಂದು ಕುಡೀತಿದ್ರು. ಈಗ ಬೆಳಗ್ಗೆ ಕಾಲಿ ಒಟ್ಟೇಲೇ ಕುಡೀತಾರೆ. ಎಲ್ರಿಗೂ ಗ್ಯಾಸು."

ಅವನ ಮಾತು ಮುಗಿಯುವ ಹೊತ್ತಿಗೆ ದಿಣ್ಣೆ ಹತ್ತಿ ನಮ್ಮ ಮಾವ ಬಂದರು. ಶಿವನಂಜಪ್ಪ ಎಂದರೆ ಸುತ್ತಲ ನಾಲ್ಕೂರಿಗೆ ಗೊತ್ತು. ಅರವತ್ತಮೂರರ ವಯಸ್ಸಿನಲ್ಲೂ ಹೊಗೆಸೊಪ್ಪಿನ ಬೇಲನ್ನು ಒಬ್ಬರೇ ಎತ್ತುವ ಆಸಾಮಿ. ಹಣೆಯ ವಿಭೂತಿ ಬೆವರಿಗೆ ಕರಗಿತ್ತು. ಮುಷ್ಟಿ ಕಟ್ಟಿ ಎದೆಯ ನಡುವೆ ಉಜ್ಜಿಕೊಳ್ಳುತ್ತ, "ಚನ್ನ, ಒಂದು ಸೋಡಾ ಒಡಿ," ಎಂದರು.

ಆ ಮುಷ್ಟಿಯನ್ನು ನಾನು ಎಲ್ಲೋ ನೋಡಿದ್ದೆ. ನೆನಪಾಯಿತು. ಟ್ರೈನಿಂಗ್‌ನಲ್ಲಿ ಗೋಡೆಗೆ ಹಾಕಿದ್ದ ಹಾರ್ಟ್ ಅಟ್ಯಾಕಿನ ಚಿತ್ರದ ಮನುಷ್ಯ ಹೀಗೇ ಮುಷ್ಟಿ ಕಟ್ಟಿದ್ದ.

"ಮಾವ, ಊಟ ಆಯ್ತಾ?"

"ಎಲ್ಲಿ ಊಟ? ಇನ್ನು ಮನೀಗೋಗಿ."

"ಉಣ್ಣದೆ ಗ್ಯಾಸು ಎಂಗ್ ಬಂತು?"

"ದಿಣ್ಣೆ ಅತ್ತುದ್ನಲ್ಲವ್ವ!" ಎಂದರು ಮಾವ, ನನ್ನಂಥ ದಡ್ಡಿಯನ್ನು ನೋಡೇ ಇಲ್ಲ ಎನ್ನುವ ಹಾಗೆ. "ಇದು ನಡದಾಗ ಬರೋ ಗ್ಯಾಸು. ಎರಡು ನಿಮಿಷ ಕುಂತು ಸೋಡಾ ಕುಡುದ್ರೆ ಓಯ್ತದೆ."

ಹೋಗುವುದು ಸೋಡಾದಿಂದಲ್ಲ, ಎರಡು ನಿಮಿಷ ಕೂತದ್ದರಿಂದ ಎಂದು ನನಗೆ ಹೊಳೆಯಿತು. ಬ್ಯಾಗು ಹೆಗಲಿಗೇರಿಸಿ ಮೊದಲನೇ ಮನೆಗೆ ವಾಪಸ್ ಹೋದೆ. ಅದು ನಮ್ಮ ಪಕ್ಕದ ಮನೆ; ರಾಮಮ್ಮ ಅವರೆಕಾಯಿ ಬಿಡಿಸುತ್ತಿದ್ದರು. ಈ ಸಲ ಎದೆಯ ಸುದ್ದಿಯೇ ಎತ್ತಲಿಲ್ಲ. "ರಾಮಕ್ಕ, ನಿಮ್ಗೆ ಬರೋದು ಉಂಡ ಗ್ಯಾಸಾ, ನಡದ ಗ್ಯಾಸಾ?"

"ನಡದ ಗ್ಯಾಸು ಕಣವ್ವ," ಎಂದರು ರಾಮಮ್ಮ, ಒಂದು ಗಳಿಗೆಯೂ ಯೋಚಿಸದೆ, ಎದೆ ಮುಟ್ಟಿ ತೋರಿಸುತ್ತ. "ನೀರಿನ ಬಿಂದಿಗೆ ಎತ್ಕೊಂಡ್ರೆ ಸಾಕು, ಇಲ್ಲಿಂದ ರೆಟ್ಟೆಗಂಟ ಇಡ್ಕತದೆ."

ಮೂರು ದಿನದಲ್ಲಿ ಮೂವತ್ತೇಳು ಜನ ನಡೆದ ಗ್ಯಾಸಿನವರು ಸಿಕ್ಕರು. ಮೂವತ್ತೇಳು ಕಡೆಯೂ 'ಹೌದು' ಒತ್ತಿದೆ.

ಒಂದು ಸುಳ್ಳನ್ನು ಮಾತ್ರ ಮುಟ್ಟಲಿಲ್ಲ. ಅದು ನನ್ನದೇ ಮನೆಯದು. ಎರಡನೇ ಅಲೆಯಲ್ಲಿ ಮಾವನಿಗೆ ಜ್ವರ, ಕೆಮ್ಮು, ನಾಲಿಗೆಗೆ ರುಚಿಯಿಲ್ಲ. ಕೋವಿಡ್ ಎಂದರೆ ಮನೆಗೆ ಪಟ್ಟಿ ಕಟ್ಟಿ, ಬಾಗಿಲಿಗೆ ಚೀಟಿ ಅಂಟಿಸಿ, ಆಂಬುಲೆನ್ಸಿನಲ್ಲಿ ಕರೆದೊಯ್ಯುತ್ತಿದ್ದರು. ಹಾಗೆ ಹೋದ ಇಬ್ಬರು ನಮ್ಮೂರಿಗೆ ತಿರುಗಿ ಬಂದಿರಲಿಲ್ಲ. ಮಾವ ಖಾಲಿ ಬಿದ್ದಿದ್ದ ಬ್ಯಾರನ್ ಸೇರಿಕೊಂಡರು. ಹದಿನಾಲ್ಕು ದಿನ ಬಾಗಿಲ ಹೊರಗೆ ಗಂಜಿ ಇಟ್ಟು ಬಂದವಳು ನಾನು. ಊರಿಗೆಲ್ಲ ಮುಚ್ಚಿಡಬೇಡಿ ಎಂದು ಸಾರುತ್ತಿದ್ದ ನಾನೇ ನಮ್ಮ ಮನೆಯನ್ನು 'ಯಾರಿಗೂ ಇಲ್ಲ' ಎಂದು ಬರೆದೆ. ನಾನು ಮುಚ್ಚಿಟ್ಟಿದ್ದನ್ನು ನೋಡಿ ಬೀದಿಯವರೆಲ್ಲ ಮುಚ್ಚಿಟ್ಟರು. ಈಗಿನ ಸರ್ವೆಯಲ್ಲೂ ಅದೇ 'ಇಲ್ಲ' ಒತ್ತಿದೆ. ನಾಚಿಕೆಯಾಯಿತು, ಆದರೂ ಒತ್ತಿದೆ.

ಸೋಮವಾರ ಪಿರಿಯಾಪಟ್ಟಣದಲ್ಲಿ ಮೀಟಿಂಗ್. ಸರ್ವೆಯ ಸೂಪರ್‌ವೈಸರ್ ಶಶಿಕುಮಾರ್ ನಲವತ್ತು ಆಶಾಗಳ ಎದುರು ನನ್ನನ್ನು ಎದ್ದು ನಿಲ್ಲಿಸಿದರು.

"ಬೇರೆ ಊರಲ್ಲಿ ಎರಡು, ಮೂರು. ನಿಮ್ಮೂರಲ್ಲಿ ಮೂವತ್ತೇಳು. ಮನೇಲಿ ಕೂತು ಒತ್ತಿದ್ರೇನಮ್ಮ?"

"ಮನೆಮನೆಗೆ ಎರಡೆರಡು ಸಲ ಹೋಗಿದ್ದೀನಿ ಸಾರ್. ಫಾರಂನಲ್ಲಿರೋ ಹಾಗೆ ಕೇಳಿದ್ರೆ ಯಾರೂ ಹೇಳಲ್ಲ. ಅದಕ್ಕೆ ನಮ್ಮ ಮಾತಲ್ಲಿ ಕೇಳಿದೆ."

"ಏನಂತ?"

"ಉಂಡ ಗ್ಯಾಸಾ, ನಡೆದ ಗ್ಯಾಸಾ ಅಂತ."

ಹಾಲ್ ಗೊಳ್ಳೆಂದಿತು. ನನ್ನ ಪಕ್ಕದವಳೂ ಸೆರಗು ಬಾಯಿಗಿಟ್ಟುಕೊಂಡಳು. ನಗದೆ ಇದ್ದವರು ಒಬ್ಬರೇ, ಮೈಸೂರಿನಿಂದ ಬಂದಿದ್ದ ಹೃದಯದ ಡಾಕ್ಟರ್ ಐಶ್ವರ್ಯ. ನನ್ನ ಮಗಳ ವಯಸ್ಸಿಗಿಂತ ಹತ್ತು ವರ್ಷ ಹೆಚ್ಚಿದ್ದರೆ ಹೆಚ್ಚು. ಪೆನ್ನು ತೆಗೆದು, "ಇನ್ನೊಂದು ಸಲ ಹೇಳಿ," ಎಂದು ಬರೆದುಕೊಂಡರು.

"ಗುರುವಾರ ಅಷ್ಟೂ ಜನಾನ ತಾಲೂಕು ಆಸ್ಪತ್ರೆಗೆ ಕರ್ಕೊಂಡು ಬನ್ನಿ, ನೋಡೋಣ," ಎಂದರು.

"ಏನೂ ಸಿಗದಿದ್ರೆ ಆ ಊರಿನ ಫಾರಂ ಎಲ್ಲಾ ಕ್ಯಾನ್ಸಲ್," ಎಂದರು ಶಶಿಕುಮಾರ್. "ಸುಳ್ಳು ಸರ್ವೆ ಅಂತ ಬರೆದು ಕಳಿಸ್ತೀನಿ. ಇವರನ್ನೂ ತೆಗೀತೀನಿ."

ನನ್ನ ಹೆಸರು ಕೆಟ್ಟರೆ ಕೆಡಲಿ ಎನ್ನಬಹುದಿತ್ತು. ಆದರೆ ಫಾರಂ ಕ್ಯಾನ್ಸಲ್ ಆದರೆ ಆ ಮೂವತ್ತೇಳು ಜನ ಸೋಡಾ ಕುಡಿದುಕೊಂಡೇ ಒಬ್ಬೊಬ್ಬರಾಗಿ ಹೋಗುತ್ತಾರೆ, ಅದರಲ್ಲಿ ನಮ್ಮ ಮಾವನೂ ಒಬ್ಬರು. ಮನೆಗೆ ಬಂದು ಕರೆದರೆ ಮಾವ ಕೆಂಡವಾದರು. "ನನ್ನ ಸೊಸೇನೇ ನನ್ನ ರೋಗಿ ಮಾಡ್ಬುಟ್ಳು! ನಾ ಬರಾಕಿಲ್ಲ, ನೀನು ಬೇಕಾದ್ರೆ ಊರ್ನೆಲ್ಲ ಕರ್ಕೊಂಡೋಗು!"

ಮೂವತ್ತಾರು ಜನರನ್ನು ಎರಡು ಗೂಡ್ಸ್ ಆಟೋದಲ್ಲಿ ಹತ್ತಿಸಿಕೊಂಡು ಹೋದೆ. ಒಬ್ಬೊಬ್ಬರನ್ನೇ ಮಲಗಿಸಿ ಇಸಿಜಿ ತೆಗೆದರು. ರಾಮಮ್ಮ, ಸರಿಯಾಗಿದೆ. ಚಿಕ್ಕಬೀರಯ್ಯ, ಸರಿಯಾಗಿದೆ. ಹನ್ನೆರಡು ಗಂಟೆಯೊಳಗೆ ಇಪ್ಪತ್ತೆರಡು ಇಸಿಜಿ ಪಟ್ಟಿಗಳು ಬಂದವು, ಎಲ್ಲವೂ ಸರಿಯಾಗಿದ್ದವು. ಶಶಿಕುಮಾರ್ ಪ್ರತಿ ಪಟ್ಟಿಗೂ ನನ್ನ ಕಡೆ ನೋಡಿ ತಲೆ ಆಡಿಸುತ್ತಿದ್ದರು.

"ಮಲಗಿಸಿ ತೆಗೆದ್ರೆ ಎಲ್ಲಿ ಗೊತ್ತಾಗುತ್ತೆ ಸಾರ್?" ಎಂದೆ. "ಇದು ನಡೆದ ಗ್ಯಾಸು. ನಡೆಸಿ ನೋಡಬೇಕು."

"ಅವರು ಹೇಳ್ತಿರೋದು ಸರಿ," ಎಂದರು ಡಾಕ್ಟರ್. "ಮೈಸೂರಲ್ಲಿ ಟ್ರೆಡ್‌ಮಿಲ್ ಮೇಲೆ ನಡೆಸಿ ನೋಡಬೇಕು."

"ಇಲ್ಲಿ ಸಿಗದ್ದು ಅಲ್ಲಿ ಸಿಗುತ್ತಾ ಮೇಡಂ? ಸುಮ್ಮನೆ ಬಸ್ ಚಾರ್ಜು," ಎಂದು ಶಶಿಕುಮಾರ್ ತಮ್ಮ ಲ್ಯಾಪ್‌ಟಾಪ್ ಮುಚ್ಚಲು ಹೊರಟರು.

ಅಷ್ಟರಲ್ಲಿ ಬಾಗಿಲಲ್ಲಿ ಯಾರೋ ಕಂಬ ಹಿಡಿದು ನಿಂತರು. ಮಾವ! ಸೊಸೆ ಊರಿನವರನ್ನೆಲ್ಲ ಕಟ್ಟಿಕೊಂಡು ಏನು ಆಟ ಆಡುತ್ತಿದ್ದಾಳೆ ನೋಡೋಣ ಎಂದು ಬಸ್ಸು ಹತ್ತಿ, ಬಸ್‌ಸ್ಟ್ಯಾಂಡಿನಿಂದ ಬಿರಬಿರನೆ ನಡೆದು ಬಂದಿದ್ದರು. ಶರ್ಟು ನೆನೆದು ಮೈಗಂಟಿತ್ತು. ಮುಷ್ಟಿ ಎದೆಯ ಮೇಲೇ ಇತ್ತು.

"ಪುಷ್ಪಾ... ಒಂದು ಸೋಡಾ ತರ್ಸವ್ವ."

ಓಡಿಹೋಗಿ ತೋಳು ಹಿಡಿದೆ. "ಊಟ ಮಾಡಿದ್ರಾ ಮಾವ?"

"ಇಲ್ಲ ಕಣವ್ವ," ಎಂದು ಅಲ್ಲೇ ಕುಸಿದು ಕೂತರು. "ಇದು ನಡದದ್ದು. ಈ ಸಲ ಕುಂತ್ರೂ ಓಯ್ತಾ ಇಲ್ಲ."

ಮಾವನ ಮಾತು ಮುಗಿಯುವವರೆಗೂ ಡಾಕ್ಟರ್ ಕಾಯಲಿಲ್ಲ. ಮಂಚಕ್ಕೆ ಹಾಕಿದರು, ತಂತಿ ಅಂಟಿಸಿದರು. ಇಸಿಜಿ ಪಟ್ಟಿ ನನ್ನ ಕಣ್ಣೆದುರೇ ಹೊರಬಂತು. ನನಗೆ ಓದಲು ಬರುವುದಿಲ್ಲ, ಆದರೆ ಬೆಳಗಿನಿಂದ ನೋಡಿದ ಇಪ್ಪತ್ತೆರಡು ಪಟ್ಟಿಯ ಹಾಗೆ ಇದು ಇರಲಿಲ್ಲ ಎನ್ನುವಷ್ಟು ಗೊತ್ತಾಯಿತು. ಡಾಕ್ಟರ್ ಅದರ ಫೋಟೋ ತೆಗೆದು ಮೈಸೂರಿನ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿಂದ ಫೋನ್ ಬಂತು: ಅಟ್ಯಾಕ್ ಆಗುತ್ತಿದೆ, ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ಈಗಲೇ ಕೊಡಿ. ಖಾಸಗಿಯಲ್ಲಿ ಸಾವಿರಾರು ರೂಪಾಯಿ ಬೆಲೆಯ ಆ ಇಂಜೆಕ್ಷನ್ನನ್ನು ಸರ್ಕಾರ ತಾಲೂಕು ಆಸ್ಪತ್ರೆಯ ಫ್ರಿಜ್ಜಿನಲ್ಲೇ ಇಟ್ಟಿತ್ತು.

"ಹಿಂದೆ ಏನು ಕಾಯಿಲೆ ಬಂದಿತ್ತು? ಬೇಗ ಹೇಳಿ. ಬಿಪಿ? ಶುಗರ್? ಕೋವಿಡ್?"

ಶಶಿಕುಮಾರ್ ಲ್ಯಾಪ್‌ಟಾಪಿನಲ್ಲಿ ನಮ್ಮ ಮನೆಯ ಫಾರಂ ತೆರೆದು, "ಕೋವಿಡ್ ಇಲ್ಲ," ಎಂದರು.

"ಬಂದಿತ್ತು ಮೇಡಂ," ಎಂದೆ. ಊರಿನವರೆಲ್ಲ ಕೇಳಿಸಿಕೊಳ್ಳುತ್ತಿದ್ದರು. "ಬ್ಯಾರನ್‌ನಲ್ಲಿ ಬಚ್ಚಿಟ್ಟಿದ್ದೆ. ಸುಳ್ಳು ಬರೆದವಳು ನಾನೇ."

ಡಾಕ್ಟರ್ ತಲೆಯಾಡಿಸಿ ಸೂಜಿ ಚುಚ್ಚಿದರು. ನಾನು ಮಾವನ ಕಾಲ ಬಳಿ ನಿಂತು ಶಿವ ಶಿವ ಎನ್ನುತ್ತಿದ್ದೆ. ಅರ್ಧ ಗಂಟೆಗೆ ಬೆವರು ನಿಂತಿತು. ಮುಕ್ಕಾಲು ಗಂಟೆಗೆ ಮುಷ್ಟಿ ಬಿಚ್ಚಿತು. ಮಾವ ಕಣ್ಣು ಬಿಟ್ಟು, "ಸೋಡಾಕ್ಕಿಂತ ವಾಸಿ ಕಣ್ರೀ ಇದು," ಎಂದರು. ಅಳುತ್ತಿದ್ದ ರಾಮಮ್ಮ ಅಳುತ್ತಲೇ ನಕ್ಕರು. ಡಾಕ್ಟರಮ್ಮನೂ ನಕ್ಕರು. ಅವತ್ತೇ ಮೈಸೂರಿಗೆ ಒಯ್ದು ಸ್ಟೆಂಟ್ ಹಾಕಿದರು.

ಆಮೇಲೆ ಉಳಿದವರಲ್ಲಿ ಒಬ್ಬರೂ ಬರುವುದಿಲ್ಲ ಎನ್ನಲಿಲ್ಲ. ಮೈಸೂರಿನಲ್ಲಿ ಮೂವತ್ತಾರು ಜನರನ್ನೂ ನಡೆಸಿ ನೋಡಿದರು. ಹದಿನೈದು ಜನರ ರಕ್ತನಾಳದಲ್ಲಿ ಅಡ್ಡಿ ಇತ್ತು. ರಾಮಮ್ಮನದು ಎರಡು ಕಡೆ. ಎಲ್ಲರಿಗೂ ಹೊತ್ತಿಗೆ ಸರಿಯಾಗಿ ಚಿಕಿತ್ಸೆ ಸಿಕ್ಕಿತು, ಒಬ್ಬರೂ ಸಾಯಲಿಲ್ಲ. ಹದಿನೈದು ಜನಕ್ಕೆ ಹದಿನೈದು ಜನವೂ ಇವತ್ತು ಊರಲ್ಲಿ ಓಡಾಡಿಕೊಂಡಿದ್ದಾರೆ. ಇದನ್ನು ಹೇಳುವಾಗ ನನಗೆ ಜಂಬ ಬರುತ್ತದೆ, ಬರಲಿ.

ತಿಂಗಳು ಕಳೆದ ಮೇಲೆ ಶಶಿಕುಮಾರ್ ಫೋನ್ ಮಾಡಿದರು. ದನಿ ಬೆಣ್ಣೆಯಾಗಿತ್ತು. "ಪುಷ್ಪಾ ಮೇಡಂ, ಹನ್ನೊಂದನೇ ಪ್ರಶ್ನೆ ಬದಲಾಯಿಸಿದ್ದಾರೆ. ಪಿರಿಯಾಪಟ್ಟಣ, ಹುಣಸೂರು, ಕೋಟೆ, ಕೆ.ಆರ್.ನಗರ, ನಾಲ್ಕೂ ಕಡೆ ನಿಮ್ಮ ಪ್ರಶ್ನೆನೇ ಕೇಳಬೇಕಂತೆ. ಸರಿ ಇದೆಯಾ ನೋಡಿ." ಹೊಸ ಫಾರಂ ತೆರೆದೆ. 'ತಮಗೆ ಉಂಟಾಗುವ ವಾಯು ಉಪದ್ರವವು ಆಹಾರ ಸೇವನೆಯ ನಂತರದ್ದೋ ಅಥವಾ ನಡಿಗೆಯ ನಂತರದ್ದೋ?' ತಲೆ ಚಚ್ಚಿಕೊಂಡೆ. "ಸಾರ್, ಇದನ್ನ ಕೇಳಿದ್ರೆ ನಮ್ಮ ಜನ ಮತ್ತೆ ಇಲ್ಲ ಅಂತಲೇ ಹೇಳ್ತಾರೆ. ಗ್ಯಾಸು ಅಂತಲೇ ಬರೆಸಿ," ಎಂದೆ. ಮುಂದಿನ ಮೀಟಿಂಗಿನಲ್ಲಿ ನಲವತ್ತು ಆಶಾಗಳ ಎದುರು ಶಶಿಕುಮಾರ್ ಅದನ್ನು ತಾವೇ ಗಟ್ಟಿಯಾಗಿ ಓದಬೇಕಾಯಿತು: 'ಉಂಡ ಗ್ಯಾಸೋ, ನಡೆದ ಗ್ಯಾಸೋ?' ಈ ಸಲ ಯಾರೂ ನಗಲಿಲ್ಲ. ಚಪ್ಪಾಳೆ ತಟ್ಟಿದರು.

ಎರಡನೇ ಸುತ್ತಿನ ಸರ್ವೆಯನ್ನು ನನ್ನ ಮನೆಯಿಂದಲೇ ಶುರುಮಾಡಿದೆ. ಮಾವ ಜಗಲಿಯ ಮೇಲೆ ಕೂತಿದ್ದರು, ಬೀದಿಯ ಅರ್ಧ ಜನ ಸುತ್ತ ನಿಂತಿದ್ದರು. ಹನ್ನೊಂದನೇದಕ್ಕೆ ಮಾವ, "ನಡದ ಗ್ಯಾಸಿತ್ತು. ಈಗ ಯಾವ್ದೂ ಇಲ್ಲ, ದಿಣ್ಣೇನ ನಿಲ್ದೆ ಅತ್ತುತೀನಿ ಅಂತ ಬರ್ಕೊ," ಎಂದರು.

"ಕೋವಿಡ್ ಬಂದಿತ್ತಾ?" ಎಂದೆ. ಕಾಯಿಲೆಯಿಂದ ಹೃದಯಕ್ಕೆ ಏನಾಯಿತು, ಏನಾಗಲಿಲ್ಲ ಎಂದು ಹೇಳುವವರು ಡಾಕ್ಟರುಗಳು. ಆದರೆ ನಾವು ನಿಜ ಹೇಳದಿದ್ದರೆ ಅವರಾದರೂ ಎಲ್ಲಿಂದ ತರುತ್ತಾರೆ?

"ಬಂದಿತ್ತು," ಎಂದರು ಮಾವ, ಬೀದಿಯ ಕೊನೆಗೆ ಕೇಳಿಸುವಷ್ಟು ಗಟ್ಟಿಯಾಗಿ. "ಅದ್ನಾಕು ದಿನ ಬ್ಯಾರನ್‌ನಾಗಿದ್ದೆ. ನನ್ನ ಸೊಸೆ ಗಂಜಿ ತಂದು ಕೊಟ್ಟು ಉಳಿಸ್ಕೊಂಡ್ಳು. ಅದ್ನೂ ಬರ್ಕೊ."

"ಅದಕ್ಕೆಲ್ಲ ಜಾಗ ಇಲ್ಲ ಮಾವ," ಎಂದೆ, ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ. "ಹೌದು, ಇಲ್ಲ, ಅಷ್ಟೆ."

ಗೋಡೆಯ ಆಚೆಯಿಂದ ರಾಮಮ್ಮ ಕೈಯೆತ್ತಿದರು. "ನಂಗೂ ಬಂದಿತ್ತು ಕಣವ್ವ ಪುಷ್ಪಾ. ಬರ್ಕೊ." ಅವರ ಹಿಂದಿನಿಂದ ಚಿಕ್ಕಬೀರಯ್ಯ, "ನಮ್ಮನೇಲಿ ಮೂರು ಜನಕ್ಕೆ!" ಎಂದ. ಅಂಗಡಿ ಬಿಟ್ಟು ಬಂದಿದ್ದ ಚನ್ನಬಸವಣ್ಣ, "ನಂಗೆ ಎರಡು ಸಲ ಕಣಕ್ಕ," ಎಂದು ಕೂಗಿದ. ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಒಬ್ಬೊಬ್ಬರಾಗಿ ಹೇಳಿ ಎಂದು ನಾನು ಗದರಬೇಕಾಯಿತು. ನಮ್ಮ ಬೀದಿ ಮುಗಿಸುವಷ್ಟರಲ್ಲಿ ನಲವತ್ತೊಂದು ಸಲ 'ಹೌದು' ಒತ್ತಿದ್ದೆ.