ತೂತು ಬಿದ್ದ ಮೊಟ್ಟೆ

ನಮ್ಮೂರು ಎತ್ತರವೋ ತಗ್ಗೋ ಎಂಬುದು ನನಗೆ ಇವತ್ತಿಗೂ ಗೊತ್ತಾಗಿಲ್ಲ. ಮೊಟ್ಟೆಗೆ ಕಾವು ಕೊಡುವ ಕರೆಂಟಿನ ಪೆಟ್ಟಿಗೆ ತಂದ ಮಗಳು ಮುಬಶ್ಶಿರಾ, "ಅಮ್ಮಿ, ಎತ್ತರದ ಊರಲ್ಲಿ ಮೊಟ್ಟೆ ಬೇಗ ಒಣಗ್ತದೆ, ಮರಿ ಚಿಪ್ಪಿಗೆ ಅಂಟ್ಕೊಂಡು ಸಾಯ್ತದೆ. ಒಳಗಿನ ಬಟ್ಟಲಿಗೆ ನೀರು ಜಾಸ್ತಿ ಹಾಕು" ಎಂದಳು.

ರಾಮನಗರದಲ್ಲಿ ಯಾವ ಕಡೆ ತಿರುಗಿದರೂ ತಲೆಯ ಮೇಲೆ ಬೆಟ್ಟ. "ನಾವು ತಗ್ಗಲ್ಲಿ ಇದೀವಿ ಕಣೇ" ಎಂದೆ.

"ಸಮುದ್ರದಿಂದ ಅಳೀಬೇಕು."

"ಸಮುದ್ರ ಎಲ್ಲೈತೆ ಇಲ್ಲಿ?"

ಪಕ್ಕದ ಮನೆಯ ಅಂಕಮ್ಮ ಬೇರೆ, "ಬುಡಿ ಅಖ್ತರಮ್ಮ, ನಮ್ ಕೋಳಿ ಯಾವ ಸಮುದ್ರ ನೋಡ್ಕಂಡು ಕಾವಿಗೆ ಕುಂತ್ಕತದೆ?" ಎಂದಳು. ಅದೂ ಸರಿ ಅನ್ನಿಸಿತು. ಒಂದು ಲೋಟ ನೀರು ಹಾಕಿದೆ, ಅರ್ಧ ತೆಗೆದೆ, ಮತ್ತೆ ಹಾಕಿದೆ. ದಿನವೂ ಇದೇ ಪಾಡು.

ನಾನು ರೇಷ್ಮೆ ಗೂಡಿನಿಂದ ನೂಲು ತೆಗೆಯುವವಳು. ಒಳಗಿನ ಹುಳ ಚಿಟ್ಟೆಯಾಗಿ ತೂತು ಕೊರೆದು ಹೊರಬಂದರೆ ಗೂಡು ಹಾಳು, ಎಳೆ ಸಿಗುವುದಿಲ್ಲ. ಅದಕ್ಕೇ ಮೊದಲೇ ಬೇಯಿಸಿಬಿಡುತ್ತೇವೆ. ತೂತು ಬಿದ್ದದ್ದು ಕಂಡರೆ ಬೈದು ಆಚೆ ಎಸೆಯುತ್ತೇವೆ.

ನಿನ್ನೆ ಬೆಳಿಗ್ಗೆ ಪೆಟ್ಟಿಗೆ ತೆರೆದರೆ ಒಂದು ಮೊಟ್ಟೆಗೆ ತೂತು ಬಿದ್ದಿತ್ತು. ನನ್ನ ಕಣ್ಣಿಗೆ ಕಂಡದ್ದು ಅದೊಂದೇ. "ಥೂ, ಹಾಳಾಗೋಯ್ತು!" ಎಂದು ಎತ್ತಿಕೊಂಡು ಎಸೆಯಲು ಕೈ ಬೀಸಿದೆ.

ಮುಷ್ಟಿಯೊಳಗಿಂದ ಕೀಚ್ ಎಂದಿತು.

ಬೀಸಿದ ಕೈ ಅಲ್ಲೇ ನಿಂತಿತು. ಇಷ್ಟು ವರ್ಷ ಬೇಯಿಸಿದ ಗೂಡುಗಳಲ್ಲಿ ಒಂದೂ ಕೂಗಿರಲಿಲ್ಲ.