ಎಡಗಾಲಿನ ನಟ್ಟು

ನಾನೊಂದು ಬ್ಯಾಕ್‌ರೆಸ್ಟ್. ದೂರ ಪಯಣದ ದೊಡ್ಡ ಬೈಕಿನಲ್ಲಿ ಹಿಂದೆ ಕೂತವರ ಬೆನ್ನಿಗೆ ಆಸರೆ. ಹುಬ್ಬಳ್ಳಿಯ ದಾದಾಪೀರ್ ಸಾಹೇಬರು ತಮ್ಮ ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ಪೈಪು ಬಾಗಿಸಿ ನನ್ನನ್ನು ಮಾಡಿದರು. ಮೈಯ ಕಾವು ಆರುವ ಮೊದಲೇ ನೀರಿಗೆ ಅದ್ದಿದಾಗ ಚುಂಯ್ ಎಂದು ಕೂಗಿಕೊಂಡೆ. ಅದೇ ನನ್ನ ಮೊದಲ ಮಾತು, ಕೊನೆಯ ಮಾತೂ ಅದೇ. ಆಮೇಲೆ ಸ್ಪಂಜಿಟ್ಟು ರೆಕ್ಸಿನ್ ಹೊಲಿದರು.

ನನ್ನನ್ನು ಮಾಡಿಸಿದವರು ಹೈಸ್ಕೂಲಿನ ಡ್ರಿಲ್ ಮಾಸ್ತರರಾದ ಶಿವಪುತ್ರಪ್ಪ. ಅವರ ಹೆಂಡತಿ ನೀಲಗಂಗಾ ಮೊದಲು ಗಂಡನ ಹಿಂದೆ ಕೂತು ಊರೂರು ತಿರುಗಿದವರು. ಲಕ್ವಾ ಹೊಡೆದು ಎಡಗೈ ಬಲ ಕಳೆದುಕೊಂಡ ಮೇಲೆ ಒಂದೂವರೆ ವರ್ಷ ಬೈಕು ಹತ್ತಿರಲಿಲ್ಲ. ಅವರಿಗೆ ಅಂಕೋಲೆಯ ಕಡಲು ನೋಡುವ ಆಸೆ.

ಭಾನುವಾರ ಬೆಳಿಗ್ಗೆ ಮಾಸ್ತರರು ಅಂಗಳದಲ್ಲಿ ಕೂತು ನನ್ನನ್ನು ಬೈಕಿಗೆ ಜೋಡಿಸಿದರು. ನನಗೆ ಎರಡು ಕಾಲು, ಒಂದೊಂದಕ್ಕೆ ಒಂದೊಂದು ಬೋಲ್ಟ್. ಬಲಗಾಲಿಗೆ ಎಷ್ಟು ನಡುಗಿದರೂ ಸಡಿಲಾಗದ ಲಾಕ್‌ನಟ್ ಬಿತ್ತು. ಇನ್ನೊಂದು ಲಾಕ್‌ನಟ್ಟಿನ ಒಳಗಿನ ಮರೆಸುತ್ತು ಸವೆದು ಕೆಟ್ಟಿತ್ತು. ಎಡಗಾಲಿಗೆ ಸಾದಾ ನಟ್ಟು ಹಾಕಿ ಪಾನಾದಿಂದ ಬಿಗಿದರು.

"ಅದು ಬ್ಯಾರೆ ಐತಲ್ರಿ?" ಎಂದರು ನೀಲಗಂಗಾ.

"ಮುಂದ ಅಂಗಡಿ ಸಿಕ್ಕಲ್ಲೆ ಹಾಕಸೋಣಂತ. ಗಟ್ಟಿ ಐತಿ, ಕೂಡು."

ಗಟ್ಟಿ ಇರಲಿಲ್ಲ. ಕಲಘಟಗಿ ದಾಟುವಷ್ಟರಲ್ಲೇ ನಟ್ಟು ಒಂದು ಸುತ್ತು ಬಿಚ್ಚಿಕೊಂಡಿತು. ಎಂಜಿನ್ನು ನಡುಗಿದಷ್ಟೂ ಅದು ತಿರುಗುತ್ತಿತ್ತು. ಯಲ್ಲಾಪುರದಲ್ಲಿ ಚಹಾಕ್ಕೆ ನಿಂತರು. ಮಾಸ್ತರರು ಅಂಗಡಿ ಹುಡುಕಲಿಲ್ಲ, ನನ್ನ ಕಾಲನ್ನೂ ನೋಡಲಿಲ್ಲ. ಇಷ್ಟೊತ್ತಿಗೆ ಹೆಂಡತಿ ನಗಲು ಶುರುಮಾಡಿದ್ದರು. ಆ ಸಂತೋಷದಲ್ಲಿ ಮಾಸ್ತರರಿಗೆ ಎಲ್ಲವೂ ಮರೆತುಹೋಗಿತ್ತು.

ಅರಬೈಲ್ ಘಟ್ಟದ ಇಳಿಜಾರಿನಲ್ಲಿ ನನ್ನ ಎಡಗಾಲು ಕಟಕಟ ಎನ್ನತೊಡಗಿತು. ಹಿಂದೆ ಅದಿರಿನ ಲಾರಿ, ಪಕ್ಕದಲ್ಲಿ ಕಣಿವೆ. ನೀಲಗಂಗಾ ಬಲಗೈಯಲ್ಲಿ ಗಂಡನ ಬೆಲ್ಟು ಹಿಡಿದು ಮೈಭಾರವನ್ನೆಲ್ಲ ನನ್ನ ಮೇಲೆ ಬಿಟ್ಟಿದ್ದರು. ಮುಂದಿನ ತಿರುವಿನಲ್ಲಿ ನಟ್ಟು ಕಳಚಿ ಬಿತ್ತು, ಹಿಂದೆಯೇ ಬೋಲ್ಟೂ ಜಾರಿಹೋಯಿತು. ನಾನು ಎಡಕ್ಕೆ ವಾಲಿದೆ, ಅವರ ಸತ್ತ ಕೈಯ ಕಡೆಗೆ.

"ನಿಲ್ಲಸ್ರಿ," ಎಂದರು. ಗಾಳಿಯಲ್ಲಿ ಅದು ಮಾಸ್ತರರಿಗೆ ಕೇಳಲಿಲ್ಲ. ಬೆನ್ನು ತಟ್ಟಬೇಕೆಂದರೆ ಇದ್ದೊಂದು ಕೈ ಬಿಡಬೇಕು; ಬಿಟ್ಟರೆ ನಾನು ತಡೆಯಲಾರೆ. ಅವರ ಎದೆಬಡಿತ ರೆಕ್ಸಿನ್ ದಾಟಿ ನನ್ನ ಕಬ್ಬಿಣಕ್ಕೆ ಮುಟ್ಟುತ್ತಿತ್ತು. ಇನ್ನೊಂದು ತಿರುವು ಬಂದರೆ ಮುಗಿಯಿತು ಎಂದುಕೊಂಡೆ. ಅಷ್ಟರಲ್ಲಿ ಅವರು ಮುಂದಕ್ಕೆ ಬಾಗಿ ತಮ್ಮ ಹೆಲ್ಮೆಟ್ಟನ್ನು ಗಂಡನ ಹೆಲ್ಮೆಟ್ಟಿಗೆ ಬಡಿದರು. ಒಮ್ಮೆ, ಮತ್ತೊಮ್ಮೆ, ಬಿಡದೆ ಬಡಿದರು. ಮಾಸ್ತರರು ಬೆಚ್ಚಿ ಬೈಕನ್ನು ಅಂಚಿಗೆ ತಂದರು. ಲಾರಿ ಉಜ್ಜಿಕೊಂಡಂತೆ ದಾಟಿಹೋಯಿತು.

ಮಾಸ್ತರರು ನನ್ನ ಕಾಲು ನೋಡಿ ಕಲ್ಲಿನ ಮೇಲೆ ಕುಸಿದು ಕೂತರು. "ನಂದ ತಪ್ಪು. ನೀ ಕೇಳಿದ್ದಿ."

ನೀಲಗಂಗಾ ಅವರ ಪಕ್ಕಕ್ಕೆ ಬಂದು ನಿಂತರು. ಹೇಳಿದರು: "ಬೀಳಾಕ ಅಷ್ಟು ಅಂಜಿದ್ದಿಲ್ರಿ. ಬಿದ್ದರ ನೀವು ಇನ್ನ ಎಲ್ಲೂ ಕರಕೊಂಡ ಹೋಗಾಂಗಿಲ್ಲ, ಅದಕ್ಕ ಅಂಜಿದೆ."

ಆಗ ಬಂದ ಇನ್ನೊಂದು ಲಾರಿಯ ಡ್ರೈವರ್ ತನ್ನ ಡಬ್ಬಿಯಿಂದ ಬೋಲ್ಟು, ಲಾಕ್‌ನಟ್ಟು ಹುಡುಕಿ ಕೊಟ್ಟ. ಪಾನಾವನ್ನು ನೀಲಗಂಗಾ ಎತ್ತಿಕೊಂಡರು. ಮಾಸ್ತರರು ಕೈ ಚಾಚಿದರು. ನೀಲಗಂಗಾ ಕೊಡಲಿಲ್ಲ. ಬಲಗೈಯಿಂದ ತಾವೇ ಬಿಗಿದು, ಅಲುಗಾಡಿಸಿ ನೋಡಿ, ಬೈಕು ಹತ್ತಿದರು. ಸಂಜೆ ಅಂಕೋಲೆಯ ಕಡಲ ದಂಡೆಯಲ್ಲಿ ಇಬ್ಬರೂ ಅಲೆ ನೋಡುತ್ತಾ ಕೂತಿದ್ದರು. ಆಮೇಲೆ ಮೂರು ವರ್ಷ ನಾವು ಎಷ್ಟೋ ಘಟ್ಟ ಇಳಿದೆವು. ನೀಲಗಂಗಾ ನೆಮ್ಮದಿಯಿಂದ ಒರಗುತ್ತಿದ್ದರು. ನನ್ನ ಅಂಜಿಕೆ ಮಾತ್ರ ಹೋಗಲಿಲ್ಲ.

ಮಾಸ್ತರರ ಕಣ್ಣು ಮಂದವಾದಾಗ ಬೈಕು ಧಾರವಾಡದ ಔಷಧ ಮಾರುವ ಯುವಕನ ಪಾಲಾಯಿತು. ಅವನು ನನಗೆ ಚೀಲ ಕಟ್ಟುತ್ತಿದ್ದ. ಚೀಲಕ್ಕೆ ಎದೆಬಡಿತವಿಲ್ಲ, ಆ ದಿನಗಳಲ್ಲಿ ನನಗೆ ಒಳ್ಳೆಯ ನಿದ್ದೆ. ಕೊನೆಗೆ ಬೈಕು ಗುಜರಿಗೆ ಬಂತು. ಅಲ್ಲಿ ಹಳೆಯ ತಂತಿ ಬಿಡಿಸುವ ಮೆಹಬೂಬಿ ನನ್ನನ್ನು ಕಿತ್ತು ತನ್ನ ಮರದ ಸ್ಟೂಲಿಗೆ ಬಿಗಿದಳು.

ಈಗ ನಾನು ಎಲ್ಲಿಗೂ ಹೋಗುವುದಿಲ್ಲ. ಆದರೂ ಮಧ್ಯಾಹ್ನ ಊಟ ಮುಗಿಸಿ ಅವಳು ಕಣ್ಣು ಮುಚ್ಚಿ ಬೆನ್ನು ಕೊಟ್ಟಾಗ ನನ್ನ ಕಬ್ಬಿಣ ಬಿಗಿಯುತ್ತದೆ. ಒರಗುವವರು ಹಿಂದೆ ತಿರುಗಿ ನೋಡುವುದಿಲ್ಲ. ನೋಡುತ್ತಾ ಯಾರಿಗೂ ಒರಗಲು ಬರುವುದಿಲ್ಲ. ಅವರ ಪಾಲಿನ ಅಂಜಿಕೆಯನ್ನು ಹಿಂದಿರುವವನೇ ಅಂಜಬೇಕು.